ಗಚ್ಚಿಯ ಮೇಲಿನ ಬ್ರಾಡ್‌ಬ್ಯಾಂಡ್: ಸಾನಪಾಡಾದಲ್ಲಿ ನಿಂತು ನೋಡಿದ ಒಂದು ಚರ್ಚೆ

ಮನೆಗೆ ಇಂಟರ್ನೆಟ್ ತಂತಿಯಲ್ಲೇ ಬರಬೇಕೇ, ಗಾಳಿಯಲ್ಲಿ ಬಂದರೂ ನಡೆದೀತೇ? ಭಾರತದಲ್ಲಿ ಈ ಪ್ರಶ್ನೆ ಹುಟ್ಟಿ ಹೆಚ್ಚುಕಡಿಮೆ ಮೂವತ್ತು ವರ್ಷವಾಯಿತು. ಒಮ್ಮೆ ಡಬ್ಲ್ಯೂಎಲ್ಎಲ್ ಎಂಬ ಹೆಸರಿನಲ್ಲಿ ಬಂತು, ಆಮೇಲೆ ವೈಮ್ಯಾಕ್ಸ್ ಆಯಿತು, ಈಗ ಏರ್‌ಫೈಬರ್ ಎನ್ನುತ್ತಾರೆ. ಮೂರರ ಹಿಂದೆಯೂ ಇರುವುದು ಒಂದೇ ಏರ್ಪಾಡು. ಮನೆಯೋ ಅಂಗಡಿಯೋ ಇದ್ದಲ್ಲೇ ಇರುತ್ತದೆ, ಟವರೂ ಇದ್ದಲ್ಲೇ ಇರುತ್ತದೆ. ಇವೆರಡರ ನಡುವಿನ ಕೊನೆಯ ಹಂತದ ದಾರಿಯನ್ನು ಮಾತ್ರ ತಂತಿಯ ಬದಲು ರೇಡಿಯೊ ಕ್ರಮಿಸುತ್ತದೆ. ಅದಕ್ಕಾಗಿ ಗಚ್ಚಿಯ ಮೇಲೋ ಕಿಟಕಿಯ ಹೊರಗೋ ಒಂದು ಪೆಟ್ಟಿಗೆ ಕೂರುತ್ತದೆ. ಇದೇ ಸ್ಥಿರ ನಿಸ್ತಂತು ಬ್ರಾಡ್‌ಬ್ಯಾಂಡ್.

ಇದರ ಬಗ್ಗೆ ನಡೆಯುವ ವಾದಗಳೆಲ್ಲ ಸಾಮಾನ್ಯವಾಗಿ ತರಂಗಾಂತರ, ವೇಗ, ದರ ಈ ಮೂರರ ಸುತ್ತ ತಿರುಗುತ್ತವೆ. ಪೆಟ್ಟಿಗೆಯನ್ನು ಯಾರು ಹೇಗೆ ಕೂರಿಸಿದರು, ಮೊದಲ ಮಳೆಗಾಲ ಕಳೆದ ಮೇಲೆ ಅದನ್ನು ಯಾರು ನೋಡಿಕೊಂಡರು ಎಂಬುದು ಚರ್ಚೆಯ ಅಂಚಿಗೆ ಸರಿಯುತ್ತದೆ. ನನ್ನ ತಿಳಿವಳಿಕೆಯಲ್ಲಿ ಈ ಸೇವೆಯ ಹಣೆಬರಹ ಬಹುಪಾಲು ತೀರ್ಮಾನವಾಗುವುದು ಅಲ್ಲೇ. ಹಾಗೆಂದು ಉಳಿದ ವಾದಗಳು ಹುರುಳಿಲ್ಲದವಲ್ಲ. ಒಂದೊಂದೂ ಏನನ್ನು ವಿವರಿಸುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂದು ನೋಡುವುದು ಈ ಬರಹದ ಉದ್ದೇಶ.

ಸಾನಪಾಡಾ ಏಕೆ

ವಾಶಿಗೂ ಜುಯಿನಗರಕ್ಕೂ ನಡುವೆ ಹಾರ್ಬರ್ ರೈಲುಮಾರ್ಗದಲ್ಲಿ ಬರುವ ಸಾನಪಾಡಾ ನವಿಮುಂಬಯಿಯ ಚಿಕ್ಕ ನೋಡ್‌ಗಳಲ್ಲಿ, ಅಂದರೆ ಯೋಜಿತ ಬಡಾವಣೆಗಳಲ್ಲಿ, ಒಂದು. ಒಂದು ಕಡೆ ಪಾಮ್ ಬೀಚ್ ರಸ್ತೆ, ಅದರಾಚೆ ಕಾಂಡ್ಲಾವನ ಮತ್ತು ಥಾಣೆ ಖಾಡಿಯ ಉಪ್ಪುನೀರು. ಇನ್ನೊಂದು ಕಡೆ ತುರ್ಭೆಯ ಟಿಟಿಸಿ ಕೈಗಾರಿಕಾ ಪ್ರದೇಶ, ಅದರ ಬೆನ್ನಿಗೆ ಗುಡ್ಡದ ಸಾಲು. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ಎಂಬ ಸರಕಾರಿ ನಗರಾಭಿವೃದ್ಧಿ ಸಂಸ್ಥೆ ಯೋಜಿಸಿದ ಊರು ಇದು. ತಗ್ಗು ಎತ್ತರದ ಹಳೆಯ ಕಟ್ಟಡಗಳು, ಗಾವಠಾಣ ಎನ್ನುವ ಹಳೆಯ ಹಳ್ಳಿಯ ಇಕ್ಕಟ್ಟಾದ ಓಣಿಗಳು, ಹೊಸ ಗೋಪುರ ಕಟ್ಟಡಗಳು ಎಲ್ಲವೂ ಇಲ್ಲಿ ಒಂದೇ ನೋಟದಲ್ಲಿ ಸಿಗುತ್ತವೆ. ಮಳೆ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿನ ಮೇಲೆಯೇ, ಅದೂ ನಾಲ್ಕೇ ತಿಂಗಳಲ್ಲಿ. ಗಾಳಿಯಲ್ಲಿ ಉಪ್ಪಿನಂಶ. ರೇಡಿಯೊ ಉಪಕರಣದ ಪರೀಕ್ಷೆಗೆ ಬೇಕಾದ ಕಷ್ಟಗಳೆಲ್ಲ ಇಲ್ಲಿವೆ.

ಇನ್ನೂ ಒಂದು ಕಾರಣವಿದೆ. ನಿಸ್ತಂತು ಸಂಪರ್ಕದ ಭಾರತೀಯ ಇತಿಹಾಸದ ದೊಡ್ಡ ಪಾತ್ರಧಾರಿಗಳು ಈ ಆಸುಪಾಸಿನವರೇ. ಟಾಟಾ ಟೆಲಿಸರ್ವೀಸಸ್ ಮಹಾರಾಷ್ಟ್ರ ಕಂಪನಿಯ ನೋಂದಾಯಿತ ವಿಳಾಸದಲ್ಲಿ ಎಂಐಡಿಸಿ ಸಾನಪಾಡಾ, ತುರ್ಭೆ ಎಂದೇ ಇದೆ. ಕೋಪರ್‌ಖೈರಣೆಯಲ್ಲಿ ಧೀರೂಭಾಯಿ ಅಂಬಾನಿ ನಾಲೆಜ್ ಸಿಟಿ, ಘಣಸೋಲಿಯಲ್ಲಿ ಜಿಯೊ ನಡೆಯುವ ರಿಲಯನ್ಸ್ ಕಾರ್ಪೊರೇಟ್ ಪಾರ್ಕ್. ಐರೋಲಿ, ಮಹಾಪೆಯಲ್ಲಿ ದೇಶದ ದೊಡ್ಡ ಡೇಟಾ ಸೆಂಟರುಗಳಿವೆ. ಅಲ್ಲಿಂದ ಕೆಲವೇ ಕಿಲೊಮೀಟರ್ ದೂರದ ಗಾವಠಾಣದ ಓಣಿಗೆ ಫೈಬರ್ ಎಳೆಯುವುದು ಮಾತ್ರ ಇಂದಿಗೂ ಸುಲಭವಲ್ಲ.

ನಮ್ಮವರಿಗೂ ಇದು ದೂರದ ವಿಷಯವಲ್ಲ. ವಾಶಿ, ತುರ್ಭೆ, ನೆರೂಳ್ ಪರಿಸರದ ಹೊಟೇಲುಗಳಲ್ಲಿ ಉಡುಪಿ, ದಕ್ಷಿಣ ಕನ್ನಡದಿಂದ ಬಂದವರು ನಡೆಸುವಂಥವು ಬಹಳ. ಗಲ್ಲಾಪೆಟ್ಟಿಗೆಯ ಪಕ್ಕದ ಕ್ಯೂಆರ್ ಫಲಕ, ಮೊಬೈಲ್ ಆಪ್‌ಗಳಿಂದ ಬರುವ ಪಾರ್ಸೆಲ್ ಆರ್ಡರು, ಬಿಲ್ಲಿಂಗ್ ಯಂತ್ರ ಎಲ್ಲವೂ ಒಂದೇ ಸಂಪರ್ಕದ ಮೇಲೆ ನಿಂತಿವೆ. ಮಧ್ಯಾಹ್ನ ಒಂದು ಗಂಟೆಗೆ ಅದು ಕಡಿದರೆ ಆ ಹೊತ್ತಿನ ವ್ಯಾಪಾರಕ್ಕೇ ಪೆಟ್ಟು.

ಮೂರು ಅಲೆಗಳು

ಡಬ್ಲ್ಯೂಎಲ್ಎಲ್ ಎನ್ನಿಸಿಕೊಂಡ ಮೊದಲ ಅಲೆ ಟೆಲಿಫೋನಿನದು. ತೊಂಬತ್ತರ ದಶಕದಲ್ಲಿ ತಾಮ್ರದ ತಂತಿ ಎಳೆಯುವುದೇ ದುಬಾರಿಯಾಗಿದ್ದಾಗ ಮದರಾಸಿನ ಐಐಟಿಯಲ್ಲಿ ಅಶೋಕ್ ಝುನ್‌ಝುನ್‌ವಾಲಾ ಅವರ ಟೆನೆಟ್ ಬಳಗ ಮೈಡಾಸ್ ಸಂಸ್ಥೆಯೊಡನೆ ಸೇರಿ ಕಾರ್‌ಡೆಕ್ಟ್ ಎಂಬ ವ್ಯವಸ್ಥೆಯನ್ನು ರೂಪಿಸಿತು. ಮನೆಯ ಗೋಡೆಗೆ ಒಂದು ಪೆಟ್ಟಿಗೆ, ಗಚ್ಚಿಯ ಮೇಲೆ ಆಂಟೆನಾ. ಫೋನಿನಲ್ಲಿ ಮಾತನಾಡುತ್ತಲೇ 35 ಕಿಲೊಬಿಟ್ ವೇಗದಲ್ಲಿ, ಮಾತಿಲ್ಲದಾಗ 70 ಕಿಲೊಬಿಟ್ ವೇಗದಲ್ಲಿ ಇಂಟರ್ನೆಟ್. ಇಂದಿನ ಕಣ್ಣಿಗೆ ಅದು ಅತ್ಯಲ್ಪ. ಆದರೆ ತಂತಿಯೇ ಇಲ್ಲದ ಊರಿಗೆ ತಂತಿಯಿಲ್ಲದೆ ಸಂಪರ್ಕ ಕೊಡಬಹುದು ಎಂದು ಇಲ್ಲಿಯವರೇ ತೋರಿಸಿದ್ದು ಆಗ.

ನಗರಗಳಲ್ಲಿ ಅದೇ ಕೆಲಸವನ್ನು ಸಿಡಿಎಂಎ ಎಂಬ ರೇಡಿಯೊ ತಂತ್ರ ಮಾಡಿತು. 1995ರಲ್ಲಿ ಹ್ಯೂಸ್ ಇಸ್ಪಾತ್ ಎಂದು ಆರಂಭವಾಗಿ ಮುಂದೆ ಟಾಟಾ ಟೆಲಿಸರ್ವೀಸಸ್ ಮಹಾರಾಷ್ಟ್ರವಾದ ಕಂಪನಿ ಇದೇ ತುರ್ಭೆಯದು. ಟಾಟಾ ಇಂಡಿಕಾಮಿನ ವಾಕಿ ಫೋನು ನೆನಪಿರುವವರು ಈಗಲೂ ಬಹಳ ಮಂದಿ ಇದ್ದಾರೆ: ನೋಡಲು ಮೇಜಿನ ಫೋನು, ಹಿಂದೆ ತಂತಿಯಿಲ್ಲ, ಚಿಕ್ಕ ಆಂಟೆನಾ. 2002ರ ಡಿಸೆಂಬರ್ 28ರಂದು ರಿಲಯನ್ಸ್ ಇನ್ಫೊಕಾಂ ಕೂಡ ಕಣಕ್ಕಿಳಿಯಿತು. ಮನೆಗೆ ಸೀಮಿತವಾಗಬೇಕಿದ್ದ ಈ ತಂತ್ರಕ್ಕೆ ಸೀಮಿತ ಸಂಚಾರದ ಅನುಮತಿ ಸಿಕ್ಕಿದ್ದರಿಂದ ಮೊಬೈಲ್ ಕಂಪನಿಗಳು ಸಿಟ್ಟಿಗೆದ್ದವು, ನ್ಯಾಯಾಲಯದ ಮೆಟ್ಟಿಲು ಹತ್ತಿದವು. 2003ರ ಏಕೀಕೃತ ಪರವಾನಗಿಯಿಂದ ಆ ಜಗಳ ಮುಗಿದಾಗ ಮನೆಯ ನಿಸ್ತಂತು ಫೋನು ಮೊಬೈಲಿನೊಳಗೆ ಕರಗಿಹೋಗಿತ್ತು.

ಎರಡನೆಯ ಅಲೆ ವೈಮ್ಯಾಕ್ಸ್. ಐಇಇಇ 802.16 ಎಂಬ ಮಾನದಂಡದ ಮೇಲೆ ಕಟ್ಟಿದ ಇದು ಮನೆಗೆ ನೇರವಾಗಿ ಬ್ರಾಡ್‌ಬ್ಯಾಂಡ್ ಕೊಡುವ ಉದ್ದೇಶದ್ದು. 2008ರಲ್ಲಿ ಟಾಟಾ ಕಮ್ಯುನಿಕೇಷನ್ಸ್ ಮನೆಗಳಿಗೆ ಈ ಸೇವೆಯನ್ನು ಮೊದಲು ಕೊಡಲು ಆರಿಸಿಕೊಂಡದ್ದು ಬೆಂಗಳೂರನ್ನು. ನಿರೀಕ್ಷೆ ದೊಡ್ಡದಿತ್ತು. 2010ರ ಜೂನ್‌ನಲ್ಲಿ 2300 ಮೆಗಾಹರ್ಟ್ಸ್ ಬ್ಯಾಂಡನ್ನು ನಿಸ್ತಂತು ಬ್ರಾಡ್‌ಬ್ಯಾಂಡಿಗೆಂದೇ ಹರಾಜು ಹಾಕಿದಾಗ ಸರಕಾರಕ್ಕೆ 38 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬಂತು. ದೇಶದ 22 ವಲಯಗಳನ್ನೂ ಗೆದ್ದದ್ದು ಇನ್ಫೊಟೆಲ್ ಬ್ರಾಡ್‌ಬ್ಯಾಂಡ್ ಎಂಬ, ಹೊರಗಿನವರು ಹೆಸರೂ ಕೇಳಿರದ ಕಂಪನಿ. ಅದೇ ದಿನ ರಿಲಯನ್ಸ್ ಇಂಡಸ್ಟ್ರೀಸ್ ಅದರ ಶೇ. 95 ಪಾಲನ್ನು 4,800 ಕೋಟಿ ರೂಪಾಯಿಗೆ ಕೊಂಡಿತು. ಆ ಕಂಪನಿಯೇ ಜಿಯೊ ಆಯಿತು. 2016ರ ಸೆಪ್ಟೆಂಬರ್ 5ರಂದು ಅದು ಸೇವೆ ಆರಂಭಿಸಿದಾಗ ಅದರಲ್ಲಿ ವೈಮ್ಯಾಕ್ಸ್ ಇರಲಿಲ್ಲ, ಮನೆಯ ಬ್ರಾಡ್‌ಬ್ಯಾಂಡೂ ಮುಂದಿರಲಿಲ್ಲ. ಇದ್ದದ್ದು ಕೈಯಲ್ಲಿ ಹಿಡಿಯುವ 4ಜಿ. ಹೀಗೆ ಮನೆಗೆಂದು ಮೀಸಲಾದ ತರಂಗಾಂತರವನ್ನು ಎರಡು ಸಲವೂ ಮೊಬೈಲೇ ತೆಗೆದುಕೊಂಡಿತು. ಇದು ನಮ್ಮ ದೂರಸಂಪರ್ಕ ಇತಿಹಾಸದ ಮುಖ್ಯ ಪಾಠ ಎಂದು ನನಗೆ ಕಾಣುತ್ತದೆ. ನೀತಿ ಎತ್ತ ತೋರಿದರೂ ಹಣ ಹರಿದದ್ದು ಚಲಿಸುವ ಗ್ರಾಹಕನ ಕಡೆಗೆ.

ಮೂರನೆಯ ಅಲೆಯಲ್ಲಿ ದಿಕ್ಕು ತಿರುಗಿದೆ. 2022ರ ಅಕ್ಟೋಬರ್ 1ರಂದು ಭಾರತದಲ್ಲಿ 5ಜಿ ಶುರುವಾಯಿತು. ಕಂಪನಿಗಳು ದೇಶದಾದ್ಯಂತ ವೇಗವಾಗಿ ಜಾಲ ಕಟ್ಟಿದವು, ಅದರ ಸಾಮರ್ಥ್ಯವನ್ನೆಲ್ಲ ಬಳಸುವಷ್ಟು ಮೊಬೈಲುಗಳು ಮಾತ್ರ ಇನ್ನೂ ಇರಲಿಲ್ಲ. ಖಾಲಿ ಉಳಿದ ಸಾಮರ್ಥ್ಯವನ್ನು ಮನೆಗೆ ಮಾರುವ ಯೋಚನೆ ಹೀಗೆ ಬಂತು. 2023ರ ಆಗಸ್ಟ್‌ನಲ್ಲಿ ಏರ್‌ಟೆಲ್ ದಿಲ್ಲಿ ಮತ್ತು ಮುಂಬಯಿಯಲ್ಲಿ ಎಕ್ಸ್‌ಸ್ಟ್ರೀಮ್ ಏರ್‌ಫೈಬರ್ ತಂದಿತು. ಅದೇ ವರ್ಷ ಗಣೇಶ ಚತುರ್ಥಿಯಂದು, ಸೆಪ್ಟೆಂಬರ್ 19ಕ್ಕೆ, ಮುಂಬಯಿ, ಬೆಂಗಳೂರು ಸೇರಿ ಎಂಟು ನಗರಗಳಲ್ಲಿ ಜಿಯೊ ಏರ್‌ಫೈಬರ್ ಬಂತು. ಆರಂಭದ ದರ ತಿಂಗಳಿಗೆ 599 ರೂಪಾಯಿ, ವೇಗ 30 ಮೆಗಾಬಿಟ್. ಎರಡರ ಅಳವಡಿಕೆಯಲ್ಲಿದ್ದ ವ್ಯತ್ಯಾಸ ಗಮನಿಸಬೇಕಾದದ್ದು. ಏರ್‌ಟೆಲ್ ಮೊದಲು ತಂದದ್ದು ಗ್ರಾಹಕರೇ ಕಿಟಕಿಯ ಪಕ್ಕ ಇಟ್ಟುಕೊಳ್ಳುವ ಪೆಟ್ಟಿಗೆ. ಜಿಯೊ ಹೊರಗೋಡೆಗೋ ಗಚ್ಚಿಗೋ ಹೋಗುವ ಪೆಟ್ಟಿಗೆಯನ್ನೂ ಅದನ್ನು ಕೂರಿಸುವ ತಂತ್ರಜ್ಞನನ್ನೂ ಕಳಿಸಿತು. ಮುಂದೆ ಹೊರಗಿನ ಪೆಟ್ಟಿಗೆಯೇ ಇಬ್ಬರಿಗೂ ಬೇಕಾಯಿತು. ಅಮೆರಿಕದಲ್ಲಿ ಟಿ-ಮೊಬೈಲ್ ಮತ್ತು ವೆರೈಜನ್ ಸೇರಿ 2024ರ ಕೊನೆಗೆ ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಇಂಥ ಸೇವೆ ಕೊಟ್ಟಿದ್ದವು. ಅಲ್ಲಿ ಬಹುಪಾಲು ಗ್ರಾಹಕರು ಪೆಟ್ಟಿಗೆಯನ್ನು ತಾವೇ ಜೋಡಿಸಿಕೊಳ್ಳುತ್ತಾರೆ. ಅಲ್ಲಿನ ಮನೆಗಳಲ್ಲಿ ಮರದ ಗೋಡೆ ಸಾಮಾನ್ಯ. ಕಬ್ಬಿಣದ ಸರಳು ಹಾಕಿದ ನಮ್ಮ ಕಾಂಕ್ರೀಟಿನ ಒಳಗೆ ಸಿಗ್ನಲ್ ಅಷ್ಟು ಸುಲಭವಾಗಿ ಬರುವುದಿಲ್ಲ. ನಮ್ಮಲ್ಲಿ ಈ ಸೇವೆಗೆ ಗಚ್ಚಿ ಹತ್ತುವ ಕೆಲಸಗಾರ ಬೇಕೇಬೇಕು.

ಫೈಬರೇ ಕೊನೆಯ ಮಾತು ಎನ್ನುವವರು

ಮೊದಲ ಪಂಥದವರ ವಾದ ಭೌತಶಾಸ್ತ್ರದ ಮೇಲೆ ನಿಂತಿದೆ. ಜಿಪಾನ್ ಎಂಬ ಸಾಮಾನ್ಯ ಫೈಬರ್ ವ್ಯವಸ್ಥೆಯಲ್ಲಿ ಒಂದು ಎಳೆ ಸುಮಾರು 2.5 ಗಿಗಾಬಿಟ್ ಸಾಗಿಸಿ ಅದನ್ನು 32 ಅಥವಾ 64 ಮನೆಗೆ ಹಂಚುತ್ತದೆ. ನಾಳೆ ಹತ್ತು ಗಿಗಾಬಿಟ್ ಬೇಕಾದರೆ ಎರಡು ತುದಿಯ ಉಪಕರಣ ಬದಲಿಸಿದರಾಯಿತು, ನೆಲದಲ್ಲಿರುವ ಎಳೆ ಅದೇ. ಮಳೆಗೆ ಅದು ಹೆದರುವುದಿಲ್ಲ, ಪಕ್ಕದ ಮನೆಯ ಸಿಗ್ನಲ್ ಅದಕ್ಕೆ ಅಡ್ಡಬರುವುದಿಲ್ಲ. ರೇಡಿಯೊದಲ್ಲಿ ಹಾಗಲ್ಲ. 5ಜಿಯ ಒಂದು ಸೆಕ್ಟರ್, ಅಂದರೆ ಟವರಿನ ಒಂದು ದಿಕ್ಕಿನ ಆಂಟೆನಾ ಆವರಿಸುವ ಭಾಗ, ಒಳ್ಳೆಯ ಸ್ಥಿತಿಯಲ್ಲಿ ಒಂದು ಗಿಗಾಬಿಟ್ಟಿನ ಆಸುಪಾಸು ಕೊಡುತ್ತದೆ ಎಂದುಕೊಳ್ಳೋಣ. ರಾತ್ರಿ ಒಂಬತ್ತಕ್ಕೆ ನೂರು ಮನೆಗಳು ತಲಾ ಐದು ಮೆಗಾಬಿಟ್ ವಿಡಿಯೊ ಹಾಕಿದರೆ ಅರ್ಧ ಅಲ್ಲೇ ಹೋಯಿತು. ಅದೇ ಸೆಕ್ಟರ್‌ನ ಮೊಬೈಲ್ ಗ್ರಾಹಕರ ಲೆಕ್ಕ ಬೇರೆ. ಮೊಬೈಲ್ ಗ್ರಾಹಕ ತಿಂಗಳಿಗೆ ಬಳಸುವುದು ಸರಾಸರಿ ಕೆಲವು ಹತ್ತು ಗಿಗಾಬೈಟ್ ಮಾತ್ರ. ಮನೆಯ ಏರ್‌ಫೈಬರ್ ಯೋಜನೆಯ ಮಿತಿಯೇ ಒಂದು ಸಾವಿರ ಗಿಗಾಬೈಟ್. ಹಾಗಾಗಿ ಗಾಳಿಯ ಸಂಪರ್ಕ ಫೈಬರ್ ಬರುವ ತನಕದ ತಾತ್ಕಾಲಿಕ ಏರ್ಪಾಡು ಮಾತ್ರ ಎನ್ನುತ್ತಾರೆ ಇವರು.

ಈ ವಾದ ಸಾಮರ್ಥ್ಯವನ್ನು ಸರಿಯಾಗಿ ವಿವರಿಸುತ್ತದೆ. ಆದರೆ ಮೂವತ್ತು ವರ್ಷ ಕಳೆದರೂ ಫೈಬರ್ ಏಕೆ ಎಲ್ಲರ ಮನೆಗೆ ಬಂದಿಲ್ಲ ಎಂಬುದನ್ನು ವಿವರಿಸುವುದಿಲ್ಲ. ರಸ್ತೆ ಅಗೆಯಲು ಪಾಲಿಕೆಯ ಅನುಮತಿ ಬೇಕು. ಮಳೆಗಾಲದಲ್ಲಿ ಅದು ದುರ್ಲಭ. ವಸತಿ ಸೊಸೈಟಿಯೊಳಗೆ ಡಕ್ಟ್ ಇಲ್ಲದಿದ್ದರೆ ತಂತಿ ಹೊರಗೋಡೆಯ ಮೇಲೆ ಜೋಲುತ್ತದೆ. 2016ರಲ್ಲೂ ಮತ್ತೆ 2024ರಲ್ಲೂ ಮಾರ್ಗಹಕ್ಕಿನ ನಿಯಮಗಳು ಬಂದವು. ಎರಡನೆಯವು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಸಾರ್ವಜನಿಕ ಜಾಗದ ದಾರಿ ಇದರಿಂದ ಸಲೀಸಾಗಬಹುದು. ಕಟ್ಟಡದೊಳಗಿನ ಕೊನೆಯ ಐವತ್ತು ಮೀಟರಿಗೆ ಮಾತ್ರ ಸೊಸೈಟಿಯ ಪದಾಧಿಕಾರಿಗಳ ಮರ್ಜಿ ಇಂದಿಗೂ ಬೇಕು.

ತರಂಗಾಂತರ ಹೆಚ್ಚಿದರೆ ಸಾಕು ಎನ್ನುವವರು

ಎರಡನೆಯ ಪಂಥದ ಬಲ 2022ರ ಹರಾಜಿನಲ್ಲಿದೆ. 3.3 ಗಿಗಾಹರ್ಟ್ಸಿನಿಂದ ಶುರುವಾಗುವ ಬ್ಯಾಂಡಿನ ಜತೆಗೆ 26 ಗಿಗಾಹರ್ಟ್ಸ್ ಬ್ಯಾಂಡೂ ಆಗ ಕಂಪನಿಗಳ ಕೈಸೇರಿತು. ಎರಡನೆಯದರಲ್ಲಿ ಜಾಗ ಎಷ್ಟು ಅಗಲವೆಂದರೆ, ಮನೆಗಳ ಹೊರೆಯನ್ನೆಲ್ಲ ಅದರ ಮೇಲೆ ಹಾಕಿ ಮೊಬೈಲಿಗೆ ಕೆಳಗಿನ ಬ್ಯಾಂಡನ್ನು ಉಳಿಸಬಹುದು ಎಂಬುದು ಇವರ ಲೆಕ್ಕ. ಮನೆ ಚಲಿಸುವುದಿಲ್ಲವಾದ್ದರಿಂದ ಆಂಟೆನಾವನ್ನು ಟವರಿಗೆ ನೇರವಾಗಿ ತಿರುಗಿಸಿ ನಿಲ್ಲಿಸಬಹುದು. ಮೊಬೈಲಿಗಿಲ್ಲದ ಈ ಅನುಕೂಲ ದೊಡ್ಡದೇ.

ಅಡ್ಡಿ ದೂರದ್ದು ಮತ್ತು ಮಳೆಯದು. ತೆರೆದ ಬಯಲಿನಲ್ಲೂ ಅಷ್ಟೇ ದೂರಕ್ಕೆ 26 ಗಿಗಾಹರ್ಟ್ಸ್ ಸಿಗ್ನಲ್ 3.5 ಗಿಗಾಹರ್ಟ್ಸಿಗಿಂತ ಸುಮಾರು 17 ಡೆಸಿಬೆಲ್ ಹೆಚ್ಚು ಕುಗ್ಗುತ್ತದೆ. ಅಂದರೆ ಒಂದೇ ಬಗೆಯ ಆಂಟೆನಾಕ್ಕೆ ತಲುಪುವ ಶಕ್ತಿ ಐವತ್ತರಲ್ಲಿ ಒಂದು ಪಾಲಿನಷ್ಟು. ಆ ನಷ್ಟವನ್ನು ಮೊನಚಾದ ಆಂಟೆನಾದಿಂದ ತುಂಬಿಕೊಳ್ಳಬಹುದು; ಮಳೆಯನ್ನು ಹಾಗೆ ತುಂಬಿಕೊಳ್ಳಲಾಗದು. ಗಂಟೆಗೆ 100 ಮಿಲಿಮೀಟರ್ ವೇಗದ ಮಳೆಯಲ್ಲಿ, ಇಲ್ಲಿನ ಜುಲೈಗೆ ಅದೇನೂ ಅಪರೂಪದ ರಭಸವಲ್ಲ, 26 ಗಿಗಾಹರ್ಟ್ಸಿನ ಸಿಗ್ನಲ್ ಪ್ರತಿ ಕಿಲೊಮೀಟರಿಗೆ 15 ಡೆಸಿಬೆಲ್ಲಿನಷ್ಟು ಕಳೆದುಕೊಳ್ಳುತ್ತದೆ. 3.5ಕ್ಕೆ ಅದೇ ಮಳೆ ಲೆಕ್ಕಕ್ಕೇ ಇಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದದ್ದನ್ನು ಕಂಡ ಕರಾವಳಿ ಇದು. ಅಂಥ ದಿನಗಳಲ್ಲೇ ಸಂಪರ್ಕ ಹೆಚ್ಚು ಬೇಕಾಗುತ್ತದೆ. ಆದ್ದರಿಂದ ಈ ಬ್ಯಾಂಡು ಇಲ್ಲಿ ಕೆಲವು ನೂರು ಮೀಟರ್ ಒಳಗಿನ ಸಂಪರ್ಕಗಳಿಗೆ ಚೆನ್ನಾಗಿ ಒದಗಬಹುದು, ಅದಕ್ಕಿಂತ ಆಚೆಗೆ ಭರವಸೆ ಇಡುವುದು ಕಷ್ಟ ಎಂಬುದು ನನ್ನ ಅಭಿಪ್ರಾಯ.

ಪರವಾನಗಿ ಬೇಡದ ಗಾಳಿ

ಮೂರನೆಯ ಪಂಥ ಚಿಕ್ಕ ಇಂಟರ್ನೆಟ್ ಸಂಸ್ಥೆಗಳದ್ದು, ಹಳ್ಳಿಗಾಡಿನ ಪ್ರಯೋಗಗಳದ್ದು. 2005ರಲ್ಲಿ 2.4 ಗಿಗಾಹರ್ಟ್ಸ್ ಬ್ಯಾಂಡನ್ನು ಹೊರಾಂಗಣ ಬಳಕೆಗೆ ಪರವಾನಗಿಯಿಂದ ಮುಕ್ತಗೊಳಿಸಿದ ಸರಕಾರ, 2018ರ ಅಕ್ಟೋಬರ್‌ನಲ್ಲಿ 5 ಗಿಗಾಹರ್ಟ್ಸಿನಲ್ಲಿ 605 ಮೆಗಾಹರ್ಟ್ಸಿನಷ್ಟು ಜಾಗವನ್ನು ಬಿಟ್ಟುಕೊಟ್ಟಿತು. ಮೈಕ್ರೊಟಿಕ್, ಯುಬಿಕ್ವಿಟಿ, ಕೇಂಬಿಯಂ ಹೆಸರಿನ ಬಿಳಿ ಪೆಟ್ಟಿಗೆಗಳು ಗಚ್ಚಿಗಚ್ಚಿಗೂ ಏರಿದ್ದು ಇದರಿಂದ. ಕೇಬಲ್ ಟಿವಿಯವರು ರಸ್ತೆ ಅಗೆಯದೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸಂಪರ್ಕ ದಾಟಿಸಿದರು. ದೊಡ್ಡವರೂ ಇದನ್ನು ಬಿಟ್ಟಿಲ್ಲ. ಜಿಯೊ ತನ್ನ ಮನೆ ಸಂಪರ್ಕಗಳಲ್ಲಿ ಒಂದು ದೊಡ್ಡ ಭಾಗಕ್ಕೆ ಪರವಾನಗಿರಹಿತ ಬ್ಯಾಂಡಿನ ರೇಡಿಯೊ ಬಳಸುತ್ತದೆ. ಇವರನ್ನು ತಂತಿಯ ಗ್ರಾಹಕರೆಂದು ಎಣಿಸಬೇಕೋ ನಿಸ್ತಂತು ಗ್ರಾಹಕರೆಂದೋ ಎಂಬುದು 2025ರಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ಅಂಕಿಅಂಶಗಳ ಸುತ್ತ ದೊಡ್ಡ ಚರ್ಚೆಯಾಯಿತು.

ಥಾಣೆ ಜಿಲ್ಲೆಯ ಭಾಗವಾಗಿದ್ದು 2014ರಲ್ಲಿ ಬೇರೆಯಾದ ಪಾಲ್ಘರಿನಲ್ಲಿ ಮುಂಬಯಿ ಐಐಟಿಯ ಗ್ರಾಮಮಾರ್ಗ ಯೋಜನೆ ಇನ್ನೊಂದು ದಾರಿ ಹಿಡಿಯಿತು. ಅಭಯ್ ಕರಂದೀಕರ್ ಅವರ ಬಳಗ ಟಿವಿ ಪ್ರಸಾರಕ್ಕೆ ಮೀಸಲಾಗಿ ಖಾಲಿ ಉಳಿದಿದ್ದ ಯುಎಚ್ಎಫ್ ತರಂಗಗಳಲ್ಲಿ ಹಳ್ಳಿಗಳಿಗೆ ಇಂಟರ್ನೆಟ್ ಮುಟ್ಟಿಸಿತು. 2017ರಲ್ಲಿ ಮೊಜಿಲ್ಲಾ ಸಂಸ್ಥೆಯ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದಿತು. ಮರಗಿಡಗಳ ನಡುವೆ ದಾಟಬಲ್ಲ ಆ ತರಂಗ ಹಳ್ಳಿಗೆ ಹೇಳಿಮಾಡಿಸಿದಂಥದು. ನಗರದಲ್ಲಿ ಪರವಾನಗಿರಹಿತ ಬ್ಯಾಂಡಿನ ಕಷ್ಟ ಬೇರೆ. ಗಾಳಿ ಎಲ್ಲರದೂ ಆಗಿರುವುದರಿಂದ ದೂರು ಕೊಡಲು ಜಾಗವಿಲ್ಲ. ಇಂದು ಚೆನ್ನಾಗಿ ನಡೆಯುವ ಚಾನೆಲ್ಲಿಗೆ ನಾಳೆ ಎದುರಿನ ಗಚ್ಚಿಯವರು ಬಂದರೆ ವೇಗ ಅರ್ಧಕ್ಕಿಳಿಯುತ್ತದೆ, ಆಗ ಚಾನೆಲ್ ಬದಲಿಸುವ ಕೆಲಸಕ್ಕೆ ಕೊನೆಯೇ ಇಲ್ಲ. ಈ ಸೇವೆ ಅಗ್ಗವಾಗಿ ಕಾಣುವುದಕ್ಕೆ ಕಾರಣ ತರಂಗಾಂತರದ ಬೆಲೆ ಅದರಲ್ಲಿಲ್ಲ. ಆದರೆ ಆ ಬೆಲೆ ಮಾಯವಾಗಿಲ್ಲ, ನಿರ್ವಹಣೆಯ ದುಡಿಮೆಯಾಗಿ ಮಾರ್ಪಟ್ಟಿದೆ.

ಕೂರಿಸುವ ಕೈ

ಇನ್ನು ನಾಲ್ಕನೆಯ ಮಾತು. ಇದಕ್ಕೆ ಪಂಥವೆಂಬ ಹೆಸರಿಲ್ಲ, ಸಮ್ಮೇಳನಗಳಲ್ಲಿ ಇದರ ಪರವಾಗಿ ನಿಲ್ಲುವವರೂ ಕಡಿಮೆ. ಗಚ್ಚಿ ಹತ್ತುವ ತಂತ್ರಜ್ಞರಿಗೆ ಮಾತ್ರ ಇದು ಚೆನ್ನಾಗಿ ಗೊತ್ತು: ಒಂದೇ ಟವರ್, ಒಂದೇ ಪೆಟ್ಟಿಗೆ, ಒಂದೇ ಯೋಜನೆ ಇದ್ದರೂ ಎರಡು ಮನೆಗಳ ಅನುಭವ ಬೇರೆಬೇರೆಯಾಗುತ್ತದೆ, ಅದಕ್ಕೆ ಕಾರಣ ಹೆಚ್ಚಾಗಿ ಫಿಟ್ಟಿಂಗ್.

ಜಾಗ ಆರಿಸುವುದರಿಂದಲೇ ಶುರು. ಎತ್ತರಕ್ಕೆ ಹೋದಷ್ಟೂ ಒಳ್ಳೆಯದು ಎಂಬುದು ಸಾಮಾನ್ಯ ನಂಬಿಕೆ. ಗೋಪುರ ಕಟ್ಟಡದ ತುದಿಯಲ್ಲಿ ಸಿಗ್ನಲ್ಲಿನ ಬಲ ಚೆನ್ನಾಗಿಯೇ ಇರುತ್ತದೆ, ಆದರೆ ಅಲ್ಲಿಗೆ ಹತ್ತಾರು ಟವರುಗಳ ಸಿಗ್ನಲ್ ಒಟ್ಟಿಗೇ ಕಾಣುತ್ತದೆ. ಬಲ ಹೆಚ್ಚಿದ್ದೂ ಗದ್ದಲ ಅದಕ್ಕಿಂತ ಹೆಚ್ಚಾದರೆ ವೇಗ ಬರುವುದಿಲ್ಲ. ತಂತ್ರಜ್ಞನ ಮೊಬೈಲಿನ ಆಪ್‌ನಲ್ಲಿ ಎರಡು ಅಂಕಿ ಮುಖ್ಯ. ಬಲ ಹೇಳುವ ಆರ್‌ಎಸ್‌ಆರ್‌ಪಿ ಒಂದು, ಗದ್ದಲಕ್ಕೆ ಹೋಲಿಸಿ ಸಿಗ್ನಲ್ ಎಷ್ಟು ನಿಚ್ಚಳ ಎಂದು ಹೇಳುವ ಎಸ್‌ಐಎನ್‌ಆರ್ ಇನ್ನೊಂದು. ಮೊದಲನೆಯದನ್ನು ಮಾತ್ರ ನೋಡಿ ಬೋಲ್ಟ್ ಬಿಗಿದು ಬಂದರೆ ರಾತ್ರಿ ಎಂಟಕ್ಕೆ ದೂರು ಬರುತ್ತದೆ. ಅನುಭವಿಯಾದವನು ಪೆಟ್ಟಿಗೆಯನ್ನು ಎರಡು ಮಹಡಿ ಕೆಳಗಿಳಿಸಿ, ಕಟ್ಟಡದ ಗೋಡೆಯನ್ನೇ ಬೇರೆ ಟವರುಗಳಿಗೆ ಮರೆಯಾಗಿಸಿ, ಬೇಕಾದ ಒಂದಕ್ಕೆ ಮಾತ್ರ ಮುಖ ಮಾಡಿ ನಿಲ್ಲಿಸುತ್ತಾನೆ.

ದೂರದ ಸಂಪರ್ಕಕ್ಕೆ ಇನ್ನೊಂದು ಸೂಕ್ಷ್ಮವಿದೆ. ಎದುರಿನ ಆಂಟೆನಾ ಕಣ್ಣಿಗೆ ಕಂಡರೆ ಸಾಲದು. ರೇಡಿಯೊ ಅಲೆ ನೇರ ಗೆರೆಯಲ್ಲಷ್ಟೇ ಅಲ್ಲದೆ ಅದರ ಸುತ್ತ ಉಬ್ಬಿದ ಒಂದು ವಲಯದಲ್ಲಿ ಸಾಗುತ್ತದೆ. ಅದಕ್ಕೆ ಫ್ರೆನೆಲ್ ವಲಯ ಎನ್ನುತ್ತಾರೆ. ಒಂದು ಕಿಲೊಮೀಟರ್ ದೂರದ 5.8 ಗಿಗಾಹರ್ಟ್ಸ್ ಸಂಪರ್ಕದಲ್ಲಿ ನಡುಮಧ್ಯೆ ಅದರ ತ್ರಿಜ್ಯ ಸುಮಾರು 3.6 ಮೀಟರ್. ಅದರ ಶೇ. 60ರಷ್ಟಾದರೂ ತೆರವಾಗಿರಬೇಕು. ನಡುವಿನ ಗಚ್ಚಿಯ ನೀರಿನ ಟ್ಯಾಂಕೋ ಲಿಫ್ಟಿನ ಕೋಣೆಯೋ ಆ ಜಾಗಕ್ಕೆ ಚಾಚಿದ್ದರೆ ಕಣ್ಣಿಗೆ ಎಲ್ಲ ಸರಿಯಿದ್ದೂ ಸಂಪರ್ಕ ಸೊರಗುತ್ತದೆ.

ಇಲ್ಲಿನ ಮಳೆಗಾಲ ಇನ್ನೊಂದು ಅಡ್ಡಿಯನ್ನು ತಾನೇ ಕಟ್ಟುತ್ತದೆ. ಮೇ ತಿಂಗಳಲ್ಲಿ ಹಳೆಯ ಕಟ್ಟಡಗಳ ಗಚ್ಚಿಯ ಮೇಲೆ ನೀಲಿ ತಾಡಪತ್ರಿ ಏರುತ್ತದೆ. ಸೋರುವುದು ಹೆಚ್ಚಾದರೆ ಸೊಸೈಟಿಯವರು ಕಬ್ಬಿಣದ ಚೌಕಟ್ಟು ನಿಲ್ಲಿಸಿ ತಗಡಿನ ಪತ್ರಾ ಹೊದಿಸುತ್ತಾರೆ. ತಾಡಪತ್ರಿಯಿಂದ ಅಷ್ಟು ತೊಂದರೆಯಿಲ್ಲ, ತಗಡು ರೇಡಿಯೊಗೆ ಗೋಡೆ. ಜನವರಿಯಲ್ಲಿ ಚೆನ್ನಾಗಿ ಕೂರಿಸಿದ ಪೆಟ್ಟಿಗೆ ಜೂನ್‌ನಲ್ಲಿ ತಗಡಿನ ಕೆಳಗೆ ಸೇರಿರುತ್ತದೆ. ಕಟ್ಟಡಕ್ಕೆ ಬಣ್ಣ ಬಳಿಯಲು ಬಂದವರು ಕ್ಲ್ಯಾಂಪ್ ಸಡಿಲಿಸಿ ಆಮೇಲೆ ಅಂದಾಜಿನಲ್ಲಿ ತಿರುಗಿಸಿಟ್ಟು ಹೋಗುವುದೂ ಉಂಟು. ಹಳೆಯ ಕಟ್ಟಡ ಕೆಡವಿ ಎತ್ತರದ ಗೋಪುರ ಎಬ್ಬಿಸುವ ಪುನರ್ನಿರ್ಮಾಣದ ಕಾಲ ಇದು. ಒಂದೊಂದು ಹೊಸ ಗೋಪುರ ಎದ್ದಾಗಲೂ ಅದರ ಹಿಂದಿನ ಮನೆಗಳ ಸಂಪರ್ಕವನ್ನು ಮತ್ತೆ ಅಳೆಯಬೇಕಾಗುತ್ತದೆ.

ಆಮೇಲೆ ಕೇಬಲ್. ಹೊರಗಿನ ಪೆಟ್ಟಿಗೆಗೆ ವಿದ್ಯುತ್ತೂ ದತ್ತಾಂಶವೂ ಒಂದೇ ಈಥರ್ನೆಟ್ ತಂತಿಯಲ್ಲಿ ಹೋಗುತ್ತವೆ, ಅದಕ್ಕೆ ಪಿಒಇ ಅಡಾಪ್ಟರ್ ಬೇಕು. ತಂತಿಯ ಉದ್ದ ನೂರು ಮೀಟರ್ ಮೀರುವಂತಿಲ್ಲ. ಒಳಾಂಗಣದ ಅಗ್ಗದ ತಂತಿಯನ್ನು ಬಿಸಿಲಿಗೆ ಎಳೆದರೆ ಅದರ ಹೊದಿಕೆ ಕೆಲವೇ ವರ್ಷದಲ್ಲಿ ಬಿರಿಯುತ್ತದೆ. ಪೆಟ್ಟಿಗೆಯ ಬಾಯಿಗೆ ಸೇರುವ ಮುಂಚೆ ತಂತಿಯನ್ನು ಒಮ್ಮೆ ಕೆಳಗೆ ಬಾಗಿಸಿ ನೀರು ತೊಟ್ಟಿಕ್ಕಿ ಹೋಗುವಂತೆ ಮಾಡಬೇಕು. ಇಲ್ಲದಿದ್ದರೆ ಮಳೆನೀರು ತಂತಿಯನ್ನೇ ಹಿಡಿದು ಕನೆಕ್ಟರಿಗೆ ಇಳಿಯುತ್ತದೆ. ಖಾಡಿಯ ಉಪ್ಪುಗಾಳಿಯಲ್ಲಿ ಕನೆಕ್ಟರಿನ ಪಿನ್ನುಗಳು ಹಸಿರು ಹಿಡಿಯುತ್ತವೆ. ಆಗ ಸಂಪರ್ಕ ಪೂರ್ತಿ ಸಾಯುವುದಿಲ್ಲ, ಬಂದುಹೋಗಿ ಮಾಡುತ್ತದೆ, ಗ್ರಾಹಕ ಕಂಪನಿಯ ಟವರನ್ನು ಬಯ್ಯುತ್ತಾನೆ. ಅರ್ಥಿಂಗ್ ಇಲ್ಲದ ಲೋಹದ ಕಂಬಕ್ಕೆ ಕಟ್ಟಿದ ಪೆಟ್ಟಿಗೆ ಮುಂಗಾರುಪೂರ್ವದ ಸಿಡಿಲಿನ ಸಂಜೆಗಳಲ್ಲಿ ಸುಟ್ಟುಹೋಗಬಹುದು, ಕೆಲವೊಮ್ಮೆ ಒಳಗಿನ ರೌಟರನ್ನೂ ಜತೆಗೆ ಒಯ್ಯುತ್ತದೆ.

ಈ ಮಾತಿಗೆ ಶಾಸ್ತ್ರೀಯ ಆಧಾರವೂ ಇದೆ. ತಮಿಳುನಾಡಿನ ಅರವಿಂದ ಕಣ್ಣಾಸ್ಪತ್ರೆಯ ಗ್ರಾಮೀಣ ಕೇಂದ್ರಗಳಿಗೂ ಧರ್ಮಶಾಲೆಯ ಏರ್‌ಜಲ್ದಿ ಜಾಲಕ್ಕೂ ದೂರದ ವೈಫೈ ಸಂಪರ್ಕಗಳನ್ನು ಕಟ್ಟಿ ವರ್ಷಗಟ್ಟಲೆ ನಡೆಸಿದ ಬರ್ಕ್‌ಲಿಯ ಎರಿಕ್ ಬ್ರೂಅರ್ ಮತ್ತವರ ಸಂಗಡಿಗರು 2008ರಲ್ಲಿ ತಮ್ಮ ಅನುಭವವನ್ನು ಪ್ರಬಂಧವಾಗಿ ಪ್ರಕಟಿಸಿದರು. ಜಾಲ ಕೆಡಲು ರೇಡಿಯೊ ತಂತ್ರಕ್ಕಿಂತ ದೊಡ್ಡ ಕಾರಣವಾದದ್ದು ಕಳಪೆ ವಿದ್ಯುತ್ತು. ವೋಲ್ಟೇಜಿನ ಏರಿಳಿತಕ್ಕೆ ಅಡಾಪ್ಟರುಗಳು ಸುಟ್ಟವು, ಮೆಮರಿ ಕಾರ್ಡುಗಳು ಕೆಟ್ಟವು. ಸ್ಥಳದಲ್ಲಿ ದೋಷ ಗುರುತಿಸಬಲ್ಲ ಜನ ಇಲ್ಲದೆ ಚಿಕ್ಕ ಕೆಡುಕೂ ದಿನಗಟ್ಟಲೆ ಎಳೆಯಿತು. ಸಾನಪಾಡಾಕ್ಕೂ ಇದು ಅನ್ವಯಿಸುತ್ತದೆ. ಕರೆಂಟು ಹೋದಾಗ ಟವರಿನಲ್ಲಿ ಬ್ಯಾಟರಿ ಇರುತ್ತದೆ, ಮನೆಯ ರೌಟರಿಗೆ ಇರುವುದಿಲ್ಲ. ರೌಟರಿಗೂ ಪಿಒಇ ಅಡಾಪ್ಟರಿಗೂ ಸೇರಿ ಒಂದು ಚಿಕ್ಕ ಯುಪಿಎಸ್ ಹಾಕಿದರೆ ಅರ್ಧ ದೂರುಗಳು ಅಲ್ಲೇ ಇಳಿಯುತ್ತವೆ ಎಂದು ನನಗೆ ಅನ್ನಿಸುತ್ತದೆ. ಆದರೂ ಯೋಜನೆಯ ಜತೆ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ.

ಹಾಗಾದರೆ ಕೆಲಸ ಏಕೆ ಅವಸರದಲ್ಲಿ ಆಗುತ್ತದೆ? ಬಹುಪಾಲು ಕಡೆ ಈ ಕೆಲಸ ಗುತ್ತಿಗೆಯದು, ಕೂಲಿ ಒಂದೊಂದು ಅಳವಡಿಕೆಯ ಲೆಕ್ಕದಲ್ಲಿ. ದಿನಕ್ಕೆ ಎಷ್ಟು ಮನೆ ಮುಗಿಯಿತು ಎಂಬುದಕ್ಕೆ ದುಡ್ಡು, ಎರಡು ವರ್ಷ ಕೆಡದೆ ನಡೆಯಿತೇ ಎಂಬುದಕ್ಕಲ್ಲ. ಒದ್ದೆ ಗಚ್ಚಿಯ ಅಂಚಿನಲ್ಲಿ, ಸೊಂಟಕ್ಕೆ ಬೆಲ್ಟಿಲ್ಲದೆ, ಪ್ಯಾರಪೆಟ್ಟಿನಾಚೆ ಬಾಗಿ ಡ್ರಿಲ್ ಹಿಡಿಯುವ ಹುಡುಗನಿಗೆ ನಿಧಾನವಾಗಿ ಮಾಡು ಎಂದು ಹೇಳುವ ಹಕ್ಕು ಅವನ ಜೀವಕ್ಕೂ ಕೂಲಿಗೂ ಭದ್ರತೆ ಕೊಟ್ಟವರಿಗೆ ಮಾತ್ರ ಇರುತ್ತದೆ. ದೂರಸಂಪರ್ಕ ಕ್ಷೇತ್ರದ ಕೌಶಲ ಮಂಡಳಿ ಬ್ರಾಡ್‌ಬ್ಯಾಂಡ್ ತಂತ್ರಜ್ಞರಿಗೆ ತರಬೇತಿಯ ಮಾನದಂಡ ಮಾಡಿದೆ, ಅದು ಒಳ್ಳೆಯದೇ. ಕೂಲಿಯ ಲೆಕ್ಕ ಬದಲಾಗದೆ ತರಬೇತಿಯೊಂದರಿಂದ ಕೆಲಸದ ಗುಣ ಬದಲಾಗದು.

ಗಚ್ಚಿ ಯಾರದು

ಗಚ್ಚಿ ಸೊಸೈಟಿಯ ಎಲ್ಲ ಸದಸ್ಯರಿಗೂ ಸೇರಿದ್ದು. ಒಬ್ಬರ ಮನೆಯ ಪೆಟ್ಟಿಗೆಗೆ ಎಲ್ಲರ ಒಪ್ಪಿಗೆ ಬೇಕೇ ಎಂಬ ಜಗಳ ಅನೇಕ ಸಭೆಗಳಲ್ಲಿ ಎದ್ದಿದೆ. ಕೆಲವರ ಆಕ್ಷೇಪ ಸೋರಿಕೆಯದು: ಡ್ರಿಲ್ ಮಾಡಿದ ತೂತಿನಿಂದ ನೀರಿಳಿಯುತ್ತದೆ. ಇದು ನ್ಯಾಯವಾದ ಆಕ್ಷೇಪ, ಗಚ್ಚಿಯ ಜಲನಿರೋಧಕ ಪದರಕ್ಕೆ ತೂತು ಹಾಕದೆ ಪ್ಯಾರಪೆಟ್ಟಿನ ಪಕ್ಕಕ್ಕೆ ಕ್ಲ್ಯಾಂಪ್ ಹಾಕುವುದೇ ಸರಿಯಾದ ದಾರಿ. ಇನ್ನು ಕೆಲವರ ಭಯ ವಿಕಿರಣದ್ದು. ಮನೆಯ ಪೆಟ್ಟಿಗೆ ಹೊರಸೂಸುವುದು ಸಾಮಾನ್ಯವಾಗಿ ಒಂದು ವ್ಯಾಟಿನ ಸಣ್ಣ ಪಾಲು, ಮೊಬೈಲಿನ ಆಸುಪಾಸು. ಮೊಬೈಲ್ ಕಿವಿಗಂಟಿ ಇರುತ್ತದೆ, ಇದು ಗಚ್ಚಿಯಲ್ಲಿರುತ್ತದೆ. ಟವರುಗಳಿಗೆ ಭಾರತ 2012ರ ಸೆಪ್ಟೆಂಬರ್‌ನಲ್ಲಿ ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲಿ ಒಂದು ಪಾಲನ್ನು ನಿಗದಿ ಮಾಡಿತು. ಈ ಭಯವನ್ನು ಹೀಯಾಳಿಸುವುದು ತಪ್ಪು, ಆದರೆ ಟವರನ್ನೂ ಮನೆಯ ಪೆಟ್ಟಿಗೆಯನ್ನೂ ಒಂದೇ ತಕ್ಕಡಿಯಲ್ಲಿ ಇಡುವುದೂ ತಪ್ಪೇ. 2024ರ ಅಕ್ಟೋಬರ್‌ನಲ್ಲಿ ಟ್ರಾಯ್ ಕಟ್ಟಡಗಳ ಡಿಜಿಟಲ್ ಸಂಪರ್ಕಕ್ಕೆ ಶ್ರೇಣಿ ಕೊಡುವ ನಿಯಮ ತಂದಿದೆ. ಹೊಸ ಕಟ್ಟಡಗಳಲ್ಲಿ ಡಕ್ಟು, ವಿದ್ಯುತ್ತು, ಗಚ್ಚಿಯ ಜಾಗ ಮೊದಲೇ ಯೋಜಿತವಾಗಬಹುದು. ಸಾನಪಾಡಾದ ಹಳೆಯ ಸಿಡ್ಕೊ ಕಟ್ಟಡಗಳಿಗೆ ಆ ಅನುಕೂಲ ತಾನಾಗಿ ಬರುವುದಿಲ್ಲ.

ಇನ್ನೂ ಇತ್ಯರ್ಥವಾಗದ್ದು

ಸಂಜೆಯ ದಟ್ಟಣೆಯಲ್ಲಿ ಮೊಬೈಲಿಗೂ ಮನೆಗೂ ಒಂದೇ ಸೆಕ್ಟರ್ ಇದ್ದಾಗ ಆದ್ಯತೆ ಯಾರಿಗೆ ಎಂಬುದನ್ನು ಕಂಪನಿಗಳೇ ನಿರ್ಧರಿಸುತ್ತವೆ. ಮೊಬೈಲ್ ಗ್ರಾಹಕರ ಬಳಕೆ ಏರಿದಂತೆ ಮನೆಯವರಿಗೆ ಇಂದಿನ ವೇಗ ಉಳಿಯುತ್ತದೆಯೇ, ಅಥವಾ ಈ ಹಿಂದೆ ಎರಡು ಸಲ ಆದಂತೆ ಮೊಬೈಲೇ ಎಲ್ಲವನ್ನೂ ಕೇಳುತ್ತದೆಯೇ ಎಂಬ ಪ್ರಶ್ನೆ ತೆರೆದೇ ಇದೆ. 26 ಗಿಗಾಹರ್ಟ್ಸ್ ಈ ಕರಾವಳಿಯ ಮಳೆಯಲ್ಲಿ ದೊಡ್ಡ ಪ್ರಮಾಣದಲ್ಲಿ ನಿಂತೀತೇ ಎಂಬುದಕ್ಕೆ ಹಲವು ಮಳೆಗಾಲಗಳ ಅಳತೆಯೇ ಉತ್ತರ ಕೊಡಬೇಕು. 6 ಗಿಗಾಹರ್ಟ್ಸಿನ ಕೆಳಭಾಗವನ್ನು ಪರವಾನಗಿಯಿಂದ ಬಿಡುವ ಕರಡು 2025ರ ಮೇ ತಿಂಗಳಲ್ಲಿ ಬಂತು, ಆದರೆ ಅದರ ಒತ್ತು ಒಳಾಂಗಣದ ಮತ್ತು ತೀರಾ ಕಡಿಮೆ ಶಕ್ತಿಯ ಬಳಕೆಯ ಮೇಲೆ. ಗಚ್ಚಿಯಿಂದ ಗಚ್ಚಿಗೆ ಸಾಗುವ ಸಂಪರ್ಕಗಳಿಗೆ ಆ ಜಾಗ ಬೇಕೆಂಬ ಬೇಡಿಕೆ ಹಾಗೇ ಉಳಿದಿದೆ. 2025ರಲ್ಲಿ ಪರವಾನಗಿ ಪಡೆದ ಸ್ಟಾರ್‌ಲಿಂಕ್‌ನಂಥ ಉಪಗ್ರಹ ಸೇವೆ ಸಹ್ಯಾದ್ರಿಯ ಹಳ್ಳಿಗಳಲ್ಲಿ ಈ ಲೆಕ್ಕವನ್ನು ಬದಲಿಸಬಹುದು. ದಟ್ಟ ನಗರದ ಮಟ್ಟಿಗೆ ಅದು ಉತ್ತರವೆಂದು ಕಾಣುವುದಿಲ್ಲ.

ಇವೆಲ್ಲಕ್ಕಿಂತ ಕಡಿಮೆ ಚರ್ಚೆಯಾದದ್ದು ಹೊಣೆಯ ಪ್ರಶ್ನೆ. ಸಂಪರ್ಕ ಬಿಟ್ಟ ಗ್ರಾಹಕನ ಪೆಟ್ಟಿಗೆಯನ್ನು ಗಚ್ಚಿಯಿಂದ ಇಳಿಸಬೇಕಾದವರು ಯಾರು, ತುಕ್ಕು ಹಿಡಿದ ಕ್ಲ್ಯಾಂಪ್ ಕಳಚಿ ಬಿದ್ದರೆ ಪರಿಹಾರ ಯಾರದು, ಸೊಸೈಟಿ ಪತ್ರಾ ಹಾಕಿದ್ದರಿಂದ ಕೆಟ್ಟ ಸಂಪರ್ಕದ ಮರುಜೋಡಣೆಗೆ ದುಡ್ಡು ಕೊಡಬೇಕಾದವರು ಯಾರು ಎಂಬುದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಮೊಬೈಲ್ ಸೇವೆಯ ಗುಣವನ್ನು ಜಾಲದ ಮಟ್ಟದಲ್ಲಿ ಅಳೆಯುವುದು ರೂಢಿ, ತಂತಿಯ ಸೇವೆಯದನ್ನು ದೋಷ ಸರಿಪಡಿಸಲು ಹಿಡಿದ ಸಮಯದಿಂದ. ಸ್ಥಿರ ನಿಸ್ತಂತು ಎರಡರ ನಡುವೆ ನಿಂತಿದೆ. ಮುಂಗಾರಿಗೆ ಮುಂಚೆ ಪ್ರತಿ ಪೆಟ್ಟಿಗೆಯ ಕ್ಲ್ಯಾಂಪು, ಕನೆಕ್ಟರು, ಅರ್ಥಿಂಗ್ ಮೂರನ್ನೂ ತಪಾಸಣೆ ಮಾಡುವುದು ಸೇವೆಯ ಭಾಗವೇ ಅಥವಾ ಗ್ರಾಹಕ ದೂರು ಕೊಟ್ಟ ಮೇಲೆ ಮಾಡುವ ದುರಸ್ತಿಯೇ ಎಂಬುದನ್ನು ಕಂಪನಿ, ಸೊಸೈಟಿ, ನಿಯಂತ್ರಕರು ಇನ್ನೂ ಕೂತು ತೀರ್ಮಾನಿಸಬೇಕಾಗಿದೆ.